ಅವಸರದ ಬೆಲೆ ತೆರುವವರು ಯಾರು?

‘ತಾಳಿದವನು ಬಾಳಿಯಾನು’ ಎಂಬ ಗಾದೆಯನ್ನು ನಾವೆಲ್ಲ ಶಾಲಾ ದಿನಗಳಿಂದಲೇ ಕೇಳುತ್ತಾ ಬಂದಿದ್ದೇವೆ. ತಾಳ್ಮೆಯ ಲಾಭ ತಾಳಿದವನಿಗೆ, ಅವಸರದ ನಷ್ಟ ಅವಸರಪಟ್ಟವನಿಗೆ ಎಂಬುದು ಅದರ ಸಾರ. ಆದರೆ ಅವಸರಪಡುವವನು ಒಬ್ಬ, ನಷ್ಟ ಅನುಭವಿಸುವವನು ಇನ್ನೊಬ್ಬನಾದರೆ? ಆಗಲೂ ಅವಸರವನ್ನು ಒಂದು ಸಣ್ಣ ದೋಷವೆಂದು ಕರೆದು ಸುಮ್ಮನಿರಬಹುದೇ? ಈ ಪ್ರಶ್ನೆ ನನ್ನನ್ನು ಕಾಡತೊಡಗಿದ್ದು ಗ್ರಂಥವೊಂದನ್ನು ಓದುವಾಗ ಅಲ್ಲ, ಒಂದು ಗಾಜಿನ ತೊಟ್ಟಿಯ ಮುಂದೆ ಕುಳಿತಿದ್ದಾಗ.

ನನ್ನ ಅಕ್ಕನ ಕುಟುಂಬ ಶಾರ್ಜಾದಲ್ಲಿದೆ. ಕಳೆದ ವರ್ಷ ರಜೆಯಲ್ಲಿ ಅವರ ಮನೆಗೆ ಹೋಗಿದ್ದೆ. ಹಜಾರದಲ್ಲಿ 5 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಅಕ್ವೇರಿಯಂ ಇತ್ತು. ಅದರೊಳಗೆ 500 ಲೀಟರಿಗೂ ಹೆಚ್ಚು ಉಪ್ಪುನೀರು, ತಳದಲ್ಲಿ ಬಿಳಿ ಮರಳು, ನಡುವೆ ಕಲ್ಲುಗಳ ರಾಶಿ. ಪಂಪು ಓಡುತ್ತಿತ್ತು, ದೀಪ ಉರಿಯುತ್ತಿತ್ತು. ಆದರೆ ಮೀನು ಒಂದೂ ಇರಲಿಲ್ಲ! ನೀರು ತುಂಬಿಸಿ ಆಗಲೇ ತಿಂಗಳು ಕಳೆದಿತ್ತು.

“ಭಾವ, ಮೀನುಗಳೆಲ್ಲಿ?” ಎಂದು ಕೇಳಿದೆ.

“ಮನೆ ಇನ್ನೂ ಸಿದ್ಧವಾಗಿಲ್ಲ ಉಸ್ತಾದರೇ” ಎಂದರು.

ಅದು ಅವರ ಎರಡನೆಯ ಪ್ರಯತ್ನ. ಮೊದಲ ಸಲ ಮಕ್ಕಳ ಒತ್ತಾಯಕ್ಕೆ ಮಣಿದು, ನೀರು ತುಂಬಿಸಿದ ಹತ್ತನೆಯ ದಿನವೇ ಆರು ಮೀನುಗಳನ್ನು ತಂದು ಬಿಟ್ಟಿದ್ದರು. ನೀರು ಕನ್ನಡಿಯಂತೆ ತಿಳಿಯಾಗಿತ್ತು. ಆದರೂ ಒಂದು ವಾರದೊಳಗೆ ಆರೂ ಸತ್ತವು. “ಕೊನೆಯದು ಮೇಲೆ ಬಂದು ಬಾಯಿ ಬಿಡುತ್ತಿತ್ತು. ಏನು ಮಾಡಬೇಕೆಂದು ನನಗೆ ತಿಳಿಯಲಿಲ್ಲ” ಎಂದು ಹೇಳುವಾಗ ಭಾವನ ಮುಖ ಸಣ್ಣದಾಗಿತ್ತು.

ಸಾವಿಗೆ ಕಾರಣ ಕಣ್ಣಿಗೆ ಕಾಣುವಂಥದ್ದಲ್ಲ. ಮೀನಿನ ವಿಸರ್ಜನೆಯಿಂದ, ಕೊಳೆತ ಆಹಾರದಿಂದ ನೀರಿನಲ್ಲಿ ಅಮೋನಿಯಾ ಉಂಟಾಗುತ್ತದೆ. ಅದು ಮೀನಿಗೆ ವಿಷ. ಒಂದು ಬಗೆಯ ಸೂಕ್ಷ್ಮಾಣುಗಳು ಅದನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ಇನ್ನೊಂದು ಬಗೆಯವು ನೈಟ್ರೈಟನ್ನು ಅಷ್ಟೊಂದು ಅಪಾಯಕಾರಿಯಲ್ಲದ ನೈಟ್ರೇಟ್ ಆಗಿಸುತ್ತವೆ. ಸಮುದ್ರದಲ್ಲಿ ಸೃಷ್ಟಿಕರ್ತನು ಈ ಸೇವಕರನ್ನು ಮೊದಲೇ ನೇಮಿಸಿದ್ದಾನೆ. ಹೊಸ ತೊಟ್ಟಿಯಲ್ಲಾದರೋ ಅವು ಕಲ್ಲು ಮರಳುಗಳ ಮೇಲೆ ನೆಲೆಯೂರಿ ವೃದ್ಧಿಯಾಗಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು, ಕೆಲವೊಮ್ಮೆ ಇನ್ನೂ ಹೆಚ್ಚು. ಹಣವಿದ್ದವನು ದೊಡ್ಡ ತೊಟ್ಟಿಯನ್ನು ಒಂದೇ ದಿನದಲ್ಲಿ ಕೊಳ್ಳಬಹುದು. ಆ ವಾರಗಳನ್ನು ಮಾತ್ರ ಕೊಳ್ಳಲಾರ.

ಈ ಸಲ ಭಾವ ಮೀನಿನ ಬದಲು ಒಂದು ಸಿಗಡಿಯ ತುಂಡನ್ನು ನೀರಿಗೆ ಹಾಕಿ ಕೊಳೆಯಲು ಬಿಟ್ಟಿದ್ದರು. ಎರಡು ದಿನಕ್ಕೊಮ್ಮೆ ನೀರನ್ನು ಸಣ್ಣ ನಳಿಗೆಯಲ್ಲಿ ತೆಗೆದು, ಔಷಧದ ಹನಿ ಬೆರೆಸಿ, ಬಣ್ಣ ನೋಡಿ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಅಮೋನಿಯಾ ಏರಿ ಇಳಿದಿತ್ತು, ನೈಟ್ರೈಟ್ ಇನ್ನೂ ಇಳಿಯುತ್ತಿತ್ತು. ಗಾಜಿನ ಮೇಲೆ ಕಂದು ಬಣ್ಣದ ಪೊರೆ ಕಟ್ಟಿತ್ತು. ಅದು ಹೋದ ಮೇಲೆ ಹಸಿರು ಪಾಚಿ ಬರುತ್ತದೆ, ಆಗ ಬಸವನಹುಳುಗಳನ್ನು ಬಿಡಬೇಕು. ಅವು ಬದುಕಿದರೆ ಮೀನು, ಅದೂ ಒಂದೆರಡು ಮಾತ್ರ. ತಿಂಗಳುಗಳು ಕಳೆದು ನೀರು ಸ್ಥಿರವಾದ ಬಳಿಕವೇ ಹವಳ. ಅವುಗಳಲ್ಲೂ ಮೊದಲು ಮೆದು ಹವಳ, ಕಟ್ಟಕಡೆಗೆ ಗಟ್ಟಿ ಹವಳ. ಅದಕ್ಕೆ ಉಪ್ಪಿನಂಶ ಲೀಟರಿಗೆ ಸುಮಾರು 35 ಗ್ರಾಂ, ಉಷ್ಣತೆ 25-26 ಡಿಗ್ರಿ, ಹೀಗೆ ಎಲ್ಲವೂ ಏರುಪೇರಿಲ್ಲದೆ ಇರಬೇಕು. ನೀರು ಆವಿಯಾದರೂ ಉಪ್ಪು ಉಳಿಯುತ್ತದೆ. ಆದ್ದರಿಂದ ಪ್ರತಿದಿನ ಕಡಿಮೆಯಾದಷ್ಟು ಶುದ್ಧವಾದ ಸಿಹಿನೀರನ್ನೇ ಸೇರಿಸಬೇಕು.

ಅತಿಥಿಗಳು ಬಂದು ನಗುತ್ತಿದ್ದರು. ಕಲ್ಲು ಸಾಕುತ್ತಿದ್ದೀರಾ ಎಂದು ಕೇಳಿದವರೂ ಇದ್ದರು. ಭಾವ ತಾಳಿಕೊಂಡರು. ಗಾದೆಯ ಇನ್ನೊಂದು ಅರ್ಥ ನನಗೆ ಹೊಳೆದದ್ದು ಆಗಲೇ. ಇಲ್ಲಿ ತಾಳಿದವನು ಮನುಷ್ಯ, ಬಾಳುವುದು ಮೀನು! ಮೊದಲ ಸಲ ಅವಸರಪಟ್ಟವನೂ ಮನುಷ್ಯನೇ, ಸತ್ತದ್ದು ಮಾತ್ರ ಮೀನು.

ಇಂತಹ ಜೀವಿಗಳನ್ನು ಸಾಕುವುದೇ ಸರಿಯೇ ಎಂದು ನೀವು ಕೇಳಬಹುದು. ಅನಸ್(ರ)ರ ಪುಟ್ಟ ತಮ್ಮ ಅಬೂ ಉಮೈರ್ ಸಾಕಿದ್ದ ಹಕ್ಕಿ ಸತ್ತಾಗ ಪ್ರವಾದಿವರ್ಯರು(ಸ) ಆ ಮಗುವನ್ನು ಅಕ್ಕರೆಯಿಂದ ಮಾತನಾಡಿಸಿದ ಪ್ರಸಂಗ ಪ್ರಸಿದ್ಧವಾಗಿದೆ. ಹಕ್ಕಿಯನ್ನು ಸಾಕಬಹುದು ಎಂಬುದಕ್ಕೆ ವಿದ್ವಾಂಸರು ಅದನ್ನು ಆಧಾರವಾಗಿ ಕಂಡಿದ್ದಾರೆ. ಆದರೆ ಬೆಕ್ಕನ್ನು ಕೂಡಿಹಾಕಿ, ತಾನೂ ಉಣಿಸದೆ, ಬೇಟೆಯಾಡಿ ತಿನ್ನಲೂ ಬಿಡದೆ ಕೊಂದು ಶಿಕ್ಷೆಗೆ ಗುರಿಯಾದ ಸ್ತ್ರೀಯ ಕುರಿತೂ ನಾವು ಕೇಳಿಲ್ಲವೇ? ಅನುಮತಿಯೊಂದಿಗೆ ಹೊಣೆಯೂ ಬಂತು. ನಾವು ಬಾಗಿಲು ಮುಚ್ಚಿದ ಕ್ಷಣದಿಂದ ಆ ಜೀವಿಯ ಅನ್ನ, ಉಸಿರು ಎಲ್ಲವೂ ನಮ್ಮ ಕೈಯಲ್ಲಿರುವ ಅಮಾನತ್.

ಹೊಣೆ ತೊಟ್ಟಿಯ ಗಾಜಿಗೆ ಮುಗಿಯುವುದೂ ಇಲ್ಲ. ಫಿಲಿಪ್ಪೀನ್ಸ್‌ನಲ್ಲಿ 1960ರ ದಶಕದಿಂದ ಅಕ್ವೇರಿಯಂ ವ್ಯಾಪಾರಕ್ಕಾಗಿ ಹವಳದ ಸಂದುಗಳಿಗೆ ಸಯನೈಡ್ ಎರಚಿ, ಮಂಪರಾದ ಮೀನುಗಳನ್ನು ಹಿಡಿಯುವ ಪದ್ಧತಿ ಬೆಳೆಯಿತು. ಬಲೆಯಿಂದ ಹಿಡಿಯುವುದಕ್ಕಿಂತ ಅದು ಬೇಗನೆ ಆಗುವ ಕೆಲಸ. ಆ ಅವಸರಕ್ಕೆ ಹವಳವೂ ಬಲಿಯಾಯಿತು. ಬಂಡೆಯಂಥ ಹವಳ ವರ್ಷಕ್ಕೆ ಬೆಳೆಯುವುದು ಹೆಚ್ಚೆಂದರೆ ಒಂದೆರಡು ಸೆಂಟಿಮೀಟರ್. ನಮ್ಮ ದೇಶದಲ್ಲಿ ಗಟ್ಟಿ ಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೆಯ ಅನುಸೂಚಿಗೆ ಸೇರಿಸಲಾಯಿತು. ಲಕ್ಷದ್ವೀಪದಿಂದಾಗಲಿ, ಮುರ್ಡೇಶ್ವರದ ಸಮೀಪದ ನೇತ್ರಾಣಿ ದ್ವೀಪದಿಂದಾಗಲಿ ಅವನ್ನು ಕಿತ್ತು ತರುವುದು ಅಪರಾಧ.

ಒಳ್ಳೆಯ ಉದ್ದೇಶವೊಂದೇ ಸಾಲದು ಎಂಬುದಕ್ಕೆ ಚರಿತ್ರೆಯಲ್ಲಿ ಒಂದು ಪಾಠವಿದೆ. ಫಿಲಿಪ್ ಹೆನ್ರಿ ಗಾಸ್ ಎಂಬ ಆಂಗ್ಲ ಪ್ರಕೃತಿ ವಿಜ್ಞಾನಿ ದೈವಭಕ್ತ ಕ್ರೈಸ್ತನಾಗಿದ್ದ. ಕಡಲ ಜೀವಿಗಳಲ್ಲಿ ಸೃಷ್ಟಿಕರ್ತನ ಮಹಿಮೆಯನ್ನು ಕಂಡು, 1854ರಲ್ಲಿ ಅಕ್ವೇರಿಯಂ ಕುರಿತು ಪುಸ್ತಕ ಬರೆದ. ಓದಿದವರು ಮರುಳಾಗಿ ಬುಟ್ಟಿ ಹಿಡಿದು ಕಡಲ ತೀರಕ್ಕೆ ಧಾವಿಸಿದರು. ಬಂಡೆಗಳ ನಡುವಿನ ಹೊಂಡಗಳು ಬರಿದಾದವು. ಇದು ತಂದೆಗೆ ತುಂಬ ನೋವು ತಂದಿತ್ತೆಂದು ಮಗ ಎಡ್ಮಂಡ್ ಗಾಸ್ 1907ರಲ್ಲಿ ಬರೆದಿದ್ದಾನೆ. ಸೌಂದರ್ಯವನ್ನು ಪ್ರೀತಿಸಿದವರೇ ಅದನ್ನು ಬರಿದು ಮಾಡಿದರು. ಏಕೆಂದರೆ ಅವರಿಗೆ ಅದು ಇಂದೇ ಬೇಕಿತ್ತು, ತಮ್ಮ ಮನೆಯಲ್ಲೇ ಬೇಕಿತ್ತು.

ಇಷ್ಟನ್ನೆಲ್ಲ ಬರೆಯುವ ನಾನೇನೂ ನಿರಪರಾಧಿಯಲ್ಲ. ನನ್ನ ತರಗತಿಯಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬನಿದ್ದ. ಸ್ವರ ಇಂಪಾಗಿತ್ತು, ಆದರೆ ಅಕ್ಷರಗಳ ಉಚ್ಚಾರ ಇನ್ನೂ ಗಟ್ಟಿಯಾಗಿರಲಿಲ್ಲ. ವಾರ್ಷಿಕೋತ್ಸವಕ್ಕೆ ಎರಡೇ ವಾರವಿರುವಾಗ ದೊಡ್ಡದೊಂದು ಅಧ್ಯಾಯವನ್ನು ಅವನಿಂದ ಕಂಠಪಾಠ ಮಾಡಿಸಿದೆ. ವೇದಿಕೆಯಲ್ಲಿ ಅವನು ನಡುವೆಯೇ ತಡವರಿಸಿ ನಿಂತ. ಕೆಲವರು ನಕ್ಕರು. ಮರುವಾರದಿಂದ ಹುಡುಗ ಬರಲಿಲ್ಲ. “ಉಸ್ತಾದರೇ, ಅವನಿಗೆ ಈಗ ಓದುವುದೆಂದರೇ ಹೆದರಿಕೆ” ಎಂದು ತಾಯಿ ಹೇಳಿಕಳುಹಿಸಿದರು. ಹೆಸರು ಬೇಕಿದ್ದದ್ದು ನನಗೆ, ಬೆಲೆ ತೆತ್ತವನು ಅವನು. ಭಾವನ ತೊಟ್ಟಿಯ ಮುಂದೆ ಕುಳಿತಾಗ ನನಗೆ ನೆನಪಾದದ್ದು ಆ ಮಗುವಿನ ಮುಖ. ಊರಿಗೆ ಮರಳಿದ ಮೇಲೆ ಅವನ ಮನೆಗೆ ಹೋಗಿ ಕ್ಷಮೆ ಕೇಳಿದೆ. ಕೆಲವು ತಿಂಗಳ ಬಳಿಕ ಅವನು ತಾನಾಗಿಯೇ ಬಂದು ಹಿಂದಿನ ಸಾಲಿನಲ್ಲಿ ಕುಳಿತ. ಇನ್ನೂ ಗಟ್ಟಿಯಾಗಿ ಓದುವುದಿಲ್ಲ. ನಾನು ಒತ್ತಾಯಿಸುತ್ತಿಲ್ಲ.

ವಾಚಕರೇ, ಸಹನೆಯೆಂದರೆ ಕಷ್ಟವನ್ನು ನುಂಗಿಕೊಳ್ಳುವುದಷ್ಟೇ ಎಂದು ನಾವು ಭಾವಿಸಿದ್ದೇವೆ. ವಸ್ತುತಃ ನಮ್ಮ ಅಧೀನದಲ್ಲಿರುವವರಿಗೆ ನಾವು ಕೊಡಬೇಕಾದ ಹಕ್ಕು ಕೂಡ ಅದರಲ್ಲಿದೆ. ಹೊಸದಾಗಿ ಮನೆಗೆ ಬಂದ ಸೊಸೆ, ಕೆಲಸ ಕಲಿಯುತ್ತಿರುವ ಹುಡುಗ, ಅಕ್ಷರ ಕೂಡಿಸುತ್ತಿರುವ ಮಗು, ಗಾಜಿನೊಳಗಿನ ಮೂಕ ಮೀನು, ಇವರೆಲ್ಲರಿಗೂ ನೆಲೆಯೂರಲು ಸಮಯ ಬೇಕು. ಅದನ್ನು ಕಿತ್ತುಕೊಳ್ಳುವುದು ಅನ್ಯಾಯ. ದಿನವೂ ಆರೈಕೆ ಮಾಡಲು ಆಗದವನು, ಅತಿಥಿಗಳ ಮುಂದೆ ಮೆರೆಯಲು ಬಯಸುವವನು, ನೆರೆಯವನ ಹಸಿವನ್ನು ಮರೆತು ಖರ್ಚು ಮಾಡುವವನು ಇಂತಹ ತೊಟ್ಟಿಯನ್ನು ಇಡದಿರುವುದೇ ಲೇಸು.

ಮೊನ್ನೆ ಅಕ್ಕ ಫೋನಿನಲ್ಲಿ ವೀಡಿಯೊ ಕಳುಹಿಸಿದ್ದಳು. ಕಲ್ಲುಗಳ ಮೇಲೆ ಗುಲಾಬಿ ಬಣ್ಣದ ಪಾಚಿ ಹರಡಿತ್ತು. ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಎರಡು ಕ್ಲೌನ್ ಮೀನುಗಳು ಈಜುತ್ತಿದ್ದವು. ಪರಿಚಯದವರೊಬ್ಬರು ತಮ್ಮ ತೊಟ್ಟಿಯಿಂದ ಕತ್ತರಿಸಿ ಕೊಟ್ಟ ಮೆದು ಹವಳದ ತುಂಡೊಂದು ಮೂಲೆಯಲ್ಲಿ ಅರಳಿತ್ತು. ಮಕ್ಕಳು ಈಗ ಬಣ್ಣಬಣ್ಣದ ಮ್ಯಾಂಡರಿನ್ ಮೀನು ಬೇಕೆನ್ನುತ್ತಿದ್ದಾರಂತೆ. ಕಲ್ಲುಗಳ ಸಂದಿನ ಸಣ್ಣ ಜೀವಿಗಳನ್ನು ಹೆಕ್ಕಿ ತಿನ್ನುವ ಆ ಮೀನು, ಹಳತಾಗದ ತೊಟ್ಟಿಯಲ್ಲಿ ಆಹಾರ ಸಾಲದೆ ಸೊರಗಿ ಸಾಯುತ್ತದೆ.

“ಭಾವ ಏನಂದರು?” ಎಂದು ಅಕ್ಕನನ್ನು ಕೇಳಿದೆ.

“ಮುಂದಿನ ವರ್ಷ ನೋಡೋಣ, ಇನ್‌ಷಾ ಅಲ್ಲಾಹ್ ಅಂದರು.”