ಹಾದಿ ಸೇವಾನೋ, ಬಿಟ್ಟಿನೋ?

ನಮ್ಮೂರಿಂದ ಝರಾಸಂಗಮದ ಕೇತಕಿ ಸಂಗಮೇಶ್ವರನ ಗುಡಿಗೆ ಡಾಂಬರು ರಸ್ತೆ ಅದ, ಆಟೋ ಅವ. ಆದ್ರೂ ಶಿವರಾತ್ರಿಗೆ ಹೊಲದ ನಡುವಿನ ಕಾಲುಹಾದಿ ಹಿಡಿದು ನಡಿಯೋ ಮಂದಿ ಇನ್ನೂ ಇದ್ದಾರ. ಈಗ ಜಹೀರಾಬಾದದ ಹುಡುಗರೂ ಐತಾರ ಸುಮ್ನೆ ತಿರುಗಾಡಲಿಕ್ಕೆ ಬರ್ತಾರ, ಹಳ್ಳದ ದಂಡಿಗೆ ನವಿಲು ನೋಡಿ ಹೋಗ್ತಾರ. ಆ ಹಾದಿ ತಾನಾಗೇ ಉಳಿದಿಲ್ಲ. ಒಂದು ಮಳಿಗಾಲ ಬಿಟ್ರ ಸಾಕು, ಜಾಲಿ ಮುಳ್ಳು ಮುಚ್ಚಿಬಿಡ್ತದ, ಹಳ್ಳ ದಾಟೋ ಕಡೆ ಹಾಸಿದ ತಾಂಡೂರ ಕಲ್ಲು ಸರಿತಾವ. ನಮ್ಮ ಭಜನಾ ಮ್ಯಾಳದವರು ವರ್ಷಕ್ಕ ಮೂರು ದಿನ ಗುದ್ದಲಿ ಹಿಡಿತೀವಿ.

ಒಂದು ವರ್ಷ ನಮ್ಮ ತಾಳ ಬಾರಿಸೋ ಹುಡುಗ ಬರಲಿಲ್ಲ. ಕೂಲಿ ಮಾಡಿ ತಿನ್ನೋನು. ದೇವರ ಕೆಲಸಕ್ಕೂ ಮೈಗಳ್ಳತನ ಏನೋ ಅಂತ ನಾಲ್ಕು ಮಂದಿ ಎದುರಿಗೆ ಅಂದೆ. ಅವ ಮೆಲ್ಲಕ ಅಂದ: "ಕಾಕಾ, ನೀವು ಮೂರು ದಿನ ಬಂದ್ರ ನಿಮ್ಮ ತೊಗರಿ ಹೊಲದಾಗೇ ಇರ್ತದ. ನಾ ಬಂದ್ರ ನನ್ನ ಒಲಿ ಹತ್ತಂಗಿಲ್ಲ. ನಿಮಗ ಅದು ಸೇವಾ, ನನಗ ಬಿಟ್ಟಿ."

ಬಿಟ್ಟಿ ಅನ್ನೋ ಮಾತು ನನಗ ನಾಟಿತು. ನಿಜಾಮನ ಕಾಲದಾಗ, ನಾವಿನ್ನೂ ಬೀದರ ಜಿಲ್ಲಾದವರು ಇದ್ದಾಗ (1956ರಾಗ ಮೇದಕಕ್ಕ ಹಾಕಿದ್ರು, 2016ರಾಗ ಸಂಗಾರೆಡ್ಡಿಗೆ, ಹೊಲ ಮಾತ್ರ ಇದ್ದಲ್ಲೇ ಅದ), ಸಾಹೇಬರು ಬರ್ತಾರಂದ್ರ ಹಾದಿ ಸಾಫ್ ಮಾಡಲಿಕ್ಕೆ ನಮ್ಮಜ್ಜನ್ನ ಕೂಲಿ ಇಲ್ಲದೆ ಎಳಕೊಂಡು ಹೋಗೋರು. ಅದನ್ನ ಹೇಳಿ ಅವ ಹಲ್ಲು ಕಡಿಯೋನು. ಅವನ ಮೊಮ್ಮಗ ನಾ, ದೇವರ ಹೆಸರಿಲೆ ಅದೇ ಕೆಲಸ ಮಾಡಿದ್ನಲ್ಲ.

ಮುಂದಿನ ವರ್ಷ ಪಟ್ಟಿ ಎತ್ತಿದ್ವಿ. 2005ರ ಉದ್ಯೋಗ ಖಾತ್ರಿ ಕಾಯ್ದೆದಾಗ 100 ದಿನದ ಕೂಲಿ ಇತ್ತು, ಅದರಾಗ ಹಾಕ್ರಿ ಅಂತ ಕೇಳಿದ್ರ, ನಕಾಶಾದಾಗ ಈ ಹಾದಿನೇ ಇಲ್ಲ ಅಂದ್ರು. ಹೊಲದ ಬದುವಿನ ಮ್ಯಾಲೆ ಹೋಗೋ ಹಾದಿ, ಎಲ್ಲಿ ಇದ್ದೀತು.

ರೊಕ್ಕ ಕೊಟ್ರ ಭಕ್ತಿ ಹೋಗ್ತದ ಅಂತ ಮ್ಯಾಳದಾಗ ಹಿರಿಯರು ತಕರಾರು ತೆಗೆದ್ರು. ನಾ ಕೇಳಿದೆ: ಜಾತ್ರಿಗೆ ಹಾಡಲಿಕ್ಕೆ ಹೋದಾಗ ನಾ ಕಾಯಿ, ಟವೆಲ್ಲು, ರೊಕ್ಕ ಇಸಕೊಳ್ತೀನಿ. ನನ್ನ ಹಾಡು ಸುಳ್ಳೇನು? ಯಾರೂ ಮಾತಾಡಲಿಲ್ಲ. ಖರೇ ಹೇಳಬೇಕಂದ್ರ, ರೊಕ್ಕ ಕಡಿಮಿ ಕೊಟ್ಟ ಊರಾಗ ನಾನೂ ಒಂದೆರಡು ಹಾಡು ನುಂಗಿದ್ದೀನಿ. ಅವರ ಅಂಜಿಕಿ ಪೂರಾ ಸುಳ್ಳಲ್ಲ.

ಆಮ್ಯಾಲೆ ಊರು ಬಿಟ್ಟು ದೊಡ್ಡವನಾದ ಒಬ್ಬಾತ ಬೇಕಾದಷ್ಟು ಕೊಡ್ತೀನಿ, ಹಾದಿ ಬಾಯಿಗೆ ನಮ್ಮಪ್ಪನ ಹೆಸರಿನ ಕಮಾನು ಕಟ್ರಿ ಅಂದ. ನಮಗ ಬೇಕಾದದ್ದು ನಾಲ್ಕು ಟ್ರ್ಯಾಕ್ಟರ್ ಮುರುಮ, ಮೂರು ಮಂದಿ ಕೂಲಿ. ಆಯ್ದಕ್ಕಿ ಮಾರಯ್ಯ ದಿನಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ತಿರುಗಿ ಚೆಲ್ಲಿ ಬಾ ಅಂದ ಕಥಿ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಮುರುಮಿನ ರೊಕ್ಕ ಅಷ್ಟೇ ಕೊಡಪ್ಪಾ ಅಂದ್ವಿ. ಆತ ಸಿಟ್ಟಾಗಿ ಅದೂ ಕೊಡಲಿಲ್ಲ. ನಮ್ಮದು ಸೊಕ್ಕೇನು ಅಂತ ಒಮ್ಮೊಮ್ಮೆ ರಾತ್ರಿ ನಿದ್ದಿ ಬರಂಗಿಲ್ಲ. ಯಾಕಂದ್ರ ಆ ವರ್ಷ ಹಳ್ಳದಾಗ ಒಬ್ಬಾಕಿ ಮುದುಕಿ ಜಾರಿ ಕೈ ಮುರಕೊಂಡ್ಳು.

ಈಗ ಕೂಲಿ ಬೇಕಾದವರಿಗೆ ಕೂಲಿ, ಬ್ಯಾಡಾದವರಿಗೆ ಊಟ. ಯಾರು ಇಸಕೊಂಡ್ರು ಅಂತ ಹೆಸರು ಓದಂಗಿಲ್ಲ, ಎಷ್ಟು ಖರ್ಚಾತು ಅನ್ನೋದು ಮಾತ್ರ ಭಜನಿ ಮುಗಿದ ಮ್ಯಾಲೆ ಗಟ್ಟಿ ಓದ್ತೀವಿ. ಹಳ್ಳದ ಕಲ್ಲು ಇನ್ನೂ ಎರಡು ಕೂಡಿಲ್ಲ. ಬರೋ ಸೋಮವಾರ ಹೋಗ್ತೀವಿ. ಮ್ಯಾಳದಾಗ ಸಲಿಕಿ ಎರಡೇ ಅವ, ಬರೋರು ಮನಿಂದ ತರ್ರಿ.