ಊರಿಗೆ ಅಂಟಿದ ಹೆಸರು

ಇಟಲಿಯ ಸಿಸಿಲಿ ದ್ವೀಪದಲ್ಲಿ, ಪಲೆರ್ಮೊ ನಗರದಿಂದ ದಕ್ಷಿಣಕ್ಕೆ ಸುಮಾರು 60 ಕಿಲೋಮೀಟರ್ ದೂರದಲ್ಲಿ ಕೊರ್ಲಿಯೋನೆ ಎಂಬ ಪಟ್ಟಣವಿದೆ. ಹತ್ತು ಹನ್ನೊಂದು ಸಾವಿರ ಜನ, ಗೋಧಿ ಬೆಳೆಯುವ ಗುಡ್ಡಗಳು, ಕುರಿಮಂದೆಗಳು, ಊರಿನ ಗಾತ್ರಕ್ಕೆ ಹೆಚ್ಚೆನಿಸುವಷ್ಟು ದೇವಾಲಯಗಳು. ಆದರೆ ಈ ಹೆಸರು ಕಿವಿಗೆ ಬಿದ್ದೊಡನೆ ಜಗತ್ತಿಗೆ ನೆನಪಾಗುವುದು ಗೋಧಿಯಲ್ಲ, ಗುಂಡಿನ ಸದ್ದು. ಮಾರಿಯೋ ಪುಜೊ 1969ರಲ್ಲಿ ಬರೆದ 'ದಿ ಗಾಡ್‌ಫಾದರ್' ಕಾದಂಬರಿಯೂ 1972ರಲ್ಲಿ ತೆರೆಕಂಡ ಅದರ ಚಲನಚಿತ್ರವೂ ಈ ಊರಿನ ಹೆಸರನ್ನು ಒಂದು ಪಾತಕಿ ಕುಟುಂಬಕ್ಕೆ ಇಟ್ಟು ಮನೆಮನೆಗೆ ತಲುಪಿಸಿದವು. ಸೋಜಿಗವೆಂದರೆ, ಚಿತ್ರದ ಸಿಸಿಲಿಯ ದೃಶ್ಯಗಳನ್ನು ಕೊರ್ಲಿಯೋನೆಯಲ್ಲಿ ತೆಗೆಯಲೇ ಇಲ್ಲ. ದ್ವೀಪದ ಇನ್ನೊಂದು ಅಂಚಿನ ಸವೋಕಾ ಮುಂತಾದ ಹಳ್ಳಿಗಳಲ್ಲಿ ತೆಗೆದರು.

ಹಾಗೆಂದು ಊರಿನ ಅಪಖ್ಯಾತಿ ಬರಿಯ ಕಟ್ಟುಕಥೆಯಲ್ಲ. ಸಿಸಿಲಿಯ ಮಾಫಿಯಾವನ್ನು ದಶಕಗಳ ಕಾಲ ಆಳಿದ ಲುಚಾನೊ ಲೆಜ್ಜೊ, ಸಾಲ್ವತೋರೆ ರೀನಾ, ಬೆರ್ನಾರ್ದೊ ಪ್ರೊವೆನ್ಜಾನೊ ಮೂವರೂ ಇಲ್ಲಿಯೇ ಹುಟ್ಟಿದವರು. ಪ್ರಶ್ನೆ ಏಳುವುದು ಇಲ್ಲಿಂದಲೇ. ನಿಜವಾದ ಅಪಖ್ಯಾತಿಯನ್ನು ಇಡೀ ಊರಿಗೆ ಹಚ್ಚುವುದು ನ್ಯಾಯವೇ?

ಎಂಟನೆಯ ಆಜ್ಞೆಯನ್ನು ವಿವರಿಸುವಾಗ ಧರ್ಮಸಭೆಯ ಸತ್ಯೋಪದೇಶವು ಎರಡು ಪಾಪಗಳನ್ನು ಬೇರ್ಪಡಿಸುತ್ತದೆ. ಸುಳ್ಳು ಹೇಳಿ ಒಬ್ಬನ ಹೆಸರು ಕೆಡಿಸುವುದು ಒಂದು. ಇದ್ದ ದೋಷವನ್ನೇ ತಕ್ಕ ಕಾರಣವಿಲ್ಲದೆ ಬಯಲಿಗೆಳೆದು ಹೆಸರು ಕೆಡಿಸುವುದು ಇನ್ನೊಂದು. ನೀತಿಶಾಸ್ತ್ರದ ಪಾಠದಲ್ಲಿ ಇವೆರಡನ್ನೂ ವ್ಯಕ್ತಿಯ ವಿಷಯದಲ್ಲಿಯೇ ಚರ್ಚಿಸುವುದು ವಾಡಿಕೆ. ಊರಿನ ಮಾನಹಾನಿಗೆ ಯಾರೂ ಪಾಪನಿವೇದನೆ ಮಾಡಿದ್ದನ್ನು ನಾನಂತೂ ಕೇಳಿಲ್ಲ! ಆದರೆ ಊರಿಗೆ ಹೆಸರು ಕೆಟ್ಟರೆ ಅದರ ಭಾರವನ್ನು ಹೊರುವವರು ಮನುಷ್ಯರೇ. ನೆಂಟಸ್ತಿಕೆ ವಿಚಾರಿಸುವಾಗ, ಬಾಡಿಗೆ ಮನೆ ಕೇಳುವಾಗ, ಕೆಲಸಕ್ಕೆ ಅರ್ಜಿ ಹಾಕುವಾಗ 'ಆ ಊರಿನವರೇ?' ಎಂಬ ಮಾತಿನ ಹಿಂದೆ ಒಂದು ಕ್ಷಣದ ಮೌನ ಬಂದುಹೋಗುತ್ತದೆ. ಅದನ್ನು ಅನುಭವಿಸಿದವರು ನಮ್ಮ ಧರ್ಮಕೇಂದ್ರಗಳಲ್ಲಿಯೂ ಇದ್ದಾರು. 1871ರಲ್ಲಿ ಬ್ರಿಟಿಷ್ ಸರ್ಕಾರ ಹೊರಡಿಸಿದ ಕಾಯಿದೆಯೊಂದು ನಮ್ಮ ದೇಶದ ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿಮಾಡಿತ್ತು. 1952ರಲ್ಲಿ ಅದು ರದ್ದಾಯಿತು. ಹಣೆಪಟ್ಟಿ ಮಾತ್ರ ಅಷ್ಟು ಬೇಗ ಕಳಚಲಿಲ್ಲ. ಸೊದೋಮಿನ ಪರವಾಗಿ ಅಬ್ರಹಾಮನು ಐವತ್ತರಿಂದ ಹತ್ತಕ್ಕೆ ಇಳಿಯುತ್ತಾ ದೇವರೊಡನೆ ಚೌಕಾಸಿ ಮಾಡಿದ್ದು ನಮಗೆ ತಿಳಿದಿದೆ. ದುಷ್ಟರೊಡನೆ ನೀತಿವಂತರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆ ಎಂಬುದೇ ಅವನ ಅಳಲು.

ಇದಕ್ಕೆ ಸುಲಭವಾದ ಉತ್ತರವೊಂದುಂಟು: 'ನಮ್ಮ ಊರಿನಲ್ಲಿ ಅಂಥದ್ದೇನೂ ಇಲ್ಲ, ಹೊರಗಿನವರು ಹುಟ್ಟಿಸಿದ ಮಾತು.' ಊರಿನ ಮೇಲಿನ ಪ್ರೀತಿಯಿಂದಲೇ ಹುಟ್ಟುವ ಈ ಉತ್ತರ ಬಹಳ ಅಪಾಯಕಾರಿ. 1964ರ ಗರಿಗಳ ಭಾನುವಾರದಂದು ಪಲೆರ್ಮೊದ ಮಹಾಧರ್ಮಾಧ್ಯಕ್ಷರಾಗಿದ್ದ ಕಾರ್ಡಿನಲ್ ಎರ್ನೆಸ್ತೊ ರುಫಿನಿಯವರು ಸಿಸಿಲಿಯ ನಿಜಮುಖದ ಕುರಿತು ಒಂದು ಪಾಲನಾಪತ್ರವನ್ನು ಹೊರಡಿಸಿದರು. ದ್ವೀಪದ ಹೆಸರು ಕೆಡಲು ಅವರು ಕಂಡ ಕಾರಣಗಳು ಮೂರು: ಮಾಫಿಯಾದ ಕುರಿತಾದ ಅತಿಯಾದ ಪ್ರಚಾರ, ಆಗ ಪ್ರಸಿದ್ಧವಾಗಿದ್ದ ಒಂದು ಕಾದಂಬರಿ, ಮತ್ತು ಬಡವರ ಪರವಾಗಿ ಉಪವಾಸ ಕೂರುತ್ತಿದ್ದ ದಾನಿಲೊ ದೋಲ್ಚಿ. ಸಿಸಿಲಿಯ ಗಾಂಧಿ ಎಂದೇ ಜನ ಕರೆಯುತ್ತಿದ್ದ ಮನುಷ್ಯ ಊರಿನ ಮಾನ ಕಳೆಯುವವರ ಸಾಲಿನಲ್ಲಿ ಸೇರಿದರು! ಕಾರ್ಡಿನಲರ ಸದುದ್ದೇಶವನ್ನು ಶಂಕಿಸಬೇಕಾಗಿಲ್ಲ. ಅವರೂ ಮಾಫಿಯಾವನ್ನು ಖಂಡಿಸಿದವರೇ. ಆದರೆ ಊರಿನ ಗೌರವದ ಕಂಬಳಿಯನ್ನು ಹೊದಿಸಿದಾಗ ಅದರಡಿಯಲ್ಲಿ ಬೆಚ್ಚಗೆ ಮಲಗಿದವನು ಕೊಲೆಗಾರನೇ. ಧರ್ಮಸಭೆಯ ಸ್ವರ ಬದಲಾಗಲು ಸುಮಾರು ಮೂವತ್ತು ವರ್ಷಗಳು ಹಿಡಿದವು. 1993ರ ಮೇ 9ರಂದು ಪೋಪ್ ಎರಡನೆಯ ಜಾನ್ ಪಾಲರು ಅಗ್ರಿಜೆಂತೊದಲ್ಲಿ ಮಾಫಿಯಾದವರನ್ನು ಬಹಿರಂಗವಾಗಿ ಪಶ್ಚಾತ್ತಾಪಕ್ಕೆ ಕರೆದರು. ಅದೇ ವರ್ಷದ ಸೆಪ್ಟೆಂಬರ್ 15ರಂದು ಪಲೆರ್ಮೊದ ಧರ್ಮಕೇಂದ್ರವೊಂದರ ಗುರು ಪಿನೋ ಪುಲಿಸಿಯವರು ಗುಂಡಿಗೆ ಬಲಿಯಾದರು.

ನಿತ್ಯಜೀವನವನ್ನು ತೋರಿಸಿ 'ನೋಡಿ, ಇಲ್ಲಿ ಎಲ್ಲ ಸರಿಯಾಗಿದೆ' ಎನ್ನುವುದೂ ಸಾಲದು. ಪ್ರೊವೆನ್ಜಾನೊ 1963ರಿಂದ 43 ವರ್ಷ ತಲೆಮರೆಸಿಕೊಂಡಿದ್ದವನು. 2006ರ ಏಪ್ರಿಲ್ 11ರಂದು ಸಿಕ್ಕಿಬಿದ್ದದ್ದು ಯಾವ ದೂರದೇಶದಲ್ಲೂ ಅಲ್ಲ, ತನ್ನೂರಿನ ಹೊರವಲಯದ ಒಂದು ಕುರಿಗಾಹಿಯ ಮನೆಯಲ್ಲಿ. ಒಗೆದ ಬಟ್ಟೆಯ ಗಂಟು ಕೈಯಿಂದ ಕೈಗೆ ಸಾಗಿದ ಜಾಡನ್ನು ಹಿಡಿದೇ ಪೊಲೀಸರು ಅಲ್ಲಿಗೆ ತಲುಪಿದರು. ಬಟ್ಟೆ ಒಗೆಯುವುದು, ಗಿಣ್ಣು ಮಾಡುವುದು, ನೆರೆಯವನಿಗೆ ಒಂದು ಗಂಟು ತಲುಪಿಸುವುದು — ಇವಕ್ಕಿಂತ ಸಾಮಾನ್ಯವಾದ ಕೆಲಸಗಳು ಯಾವುವು?

ಹಾಗಾದರೆ ಅಪಖ್ಯಾತಿಯಿಂದ ನಿಜವಾಗಿ ಅನ್ಯಾಯಕ್ಕೊಳಗಾಗುವವರು ಯಾರು? ನನಗೆ ತೋರುವ ಮಟ್ಟಿಗೆ, ಆ ಊರಿನ ಪಾತಕಿಗಳನ್ನು ಎದುರಿಸಿ ನಿಂತ ಆ ಊರಿನವರೇ. ಬೆರ್ನಾರ್ದಿನೊ ವೆರ್ರೊ 1893ರಲ್ಲಿ ಇಲ್ಲಿನ ಗೇಣಿದಾರರನ್ನು ಸಂಘಟಿಸಿ ಜಮೀನ್ದಾರರೊಡನೆ ನ್ಯಾಯವಾದ ಒಪ್ಪಂದಕ್ಕೆ ಹೋರಾಡಿದರು. ಮುಂದೆ ಊರಿನ ಮೇಯರ್ ಆದರು. 1915ರ ನವೆಂಬರ್ 3ರಂದು ಹಾಡಹಗಲೇ ಕೊಲೆಯಾದರು. ಇವರು ಒಂದು ಕಾಲದಲ್ಲಿ ಮಾಫಿಯಾದ ಸಹವಾಸ ಮಾಡಿ, ಬಿಟ್ಟು ಹೊರಬಂದವರು ಎಂಬುದನ್ನೂ ಹೇಳಬೇಕು. ಅವರ ನಂತರ ಪ್ಲಾಚಿದೊ ರಿಜ್ಜೊತ್ತೊ. ದೊಡ್ಡವರ ಪಾಳುಭೂಮಿ ಕಾನೂನಿನಂತೆ ಬಡರೈತರಿಗೆ ಸಿಗಬೇಕೆಂದು ದುಡಿದ ಕಾರ್ಮಿಕ ನಾಯಕ. 1948ರ ಮಾರ್ಚ್ 10ರ ಸಂಜೆ ಅವರನ್ನು ಅಪಹರಿಸಿ ಕೊಂದು, ಬೆಟ್ಟದ ಆಳವಾದ ಬಿರುಕಿಗೆ ಎಸೆದರು. ಅದನ್ನು ಕಂಡನೆನ್ನಲಾದ ಕುರಿ ಕಾಯುವ ಬಾಲಕನೊಬ್ಬ ಆಸ್ಪತ್ರೆಯಲ್ಲಿ ಸತ್ತ. ಆ ಆಸ್ಪತ್ರೆಯ ವೈದ್ಯ ಮಿಕೇಲೆ ನವಾರ್ರಾನೇ ಊರಿನ ಮಾಫಿಯಾ ಮುಖ್ಯಸ್ಥ. ಸಾಕ್ಷ್ಯ ಸಾಲದೆಂದು ಆರೋಪಿಗಳು ಬಿಡುಗಡೆಯಾದರು.

ಕೊಂದವರೂ ಊರಿನವರು, ಸತ್ತವರೂ ಊರಿನವರು. ಜಗತ್ತು ಮಾತ್ರ ಊರನ್ನು ಕೊಂದವರ ಹೆಸರಿಗೆ ಬರೆದುಕೊಟ್ಟಿತು. ಲೆಜ್ಜೊ ಜಾಗತಿಕವಾಗಿ ಪ್ರಸಿದ್ಧ, ರಿಜ್ಜೊತ್ತೊ ಯಾರಿಗೂ ತಿಳಿಯದವ. ಪ್ರಾಣ ತೆಗೆದದ್ದರ ಮೇಲೆ ಊರನ್ನೂ ಅವರಿಂದ ಕಸಿದುಕೊಂಡಂತಾಯಿತು.

ಇಲ್ಲಿ ಒಂದು ಮಾತು. ಕೊರ್ಲಿಯೋನೆಯಲ್ಲಿ 1605ರಲ್ಲಿ ಜನಿಸಿದ ಫಿಲಿಪ್ಪೊ ಲಾತೀನೊ ಪಾದರಕ್ಷೆ ಹೊಲಿಯುವ ಕಸುಬಿನವ, ಕತ್ತಿವರಸೆಯಲ್ಲಿ ಹೆಸರಾಂತವ. ಕಾಳಗವೊಂದರಲ್ಲಿ ಎದುರಾಳಿಯ ತೋಳನ್ನು ಊನಗೊಳಿಸಿ, ಪಶ್ಚಾತ್ತಾಪಗೊಂಡು, ಕಪುಚಿನ್ ಸಭೆಯನ್ನು ಸೇರಿ ಸಹೋದರ ಬೆರ್ನಾರ್ದೊ ಆದವನು. 2001ರ ಜೂನ್ 10ರಂದು ಆತನನ್ನು ಸಂತನೆಂದು ಘೋಷಿಸಲಾಯಿತು. ಪ್ರೊವೆನ್ಜಾನೊನ ಹೆಸರೂ ಬೆರ್ನಾರ್ದೊ ಎಂಬುದನ್ನು ಗಮನಿಸಿದವರು ಎಷ್ಟು ಜನರೋ!

ಊರು ಇಂದು ಪೂರ್ತಿ ಗುಣವಾಗಿದೆ ಎಂದೇನೂ ಹೇಳಲಾಗದು. 2016ರ ಮೇ ತಿಂಗಳಲ್ಲಿ ಸಂತರ ಮೆರವಣಿಗೆಯೊಂದು ರೀನಾನ ಪತ್ನಿಯ ಮನೆಯ ಮುಂದೆ ನಿಂತಾಗ ಪೊಲೀಸ್ ಅಧಿಕಾರಿಗಳು ಮೆರವಣಿಗೆಯನ್ನು ಬಿಟ್ಟು ಹೊರನಡೆದರು. ಅದೇ ಆಗಸ್ಟ್‌ನಲ್ಲಿ ಮಾಫಿಯಾ ನುಸುಳಿದೆಯೆಂಬ ಕಾರಣಕ್ಕೆ ಸರ್ಕಾರ ಅಲ್ಲಿನ ಪುರಸಭೆಯನ್ನು ವಿಸರ್ಜಿಸಿತು.

ಆದರೆ ಇನ್ನೊಂದು ಎಳೆಯೂ ಸಾಗಿ ಬಂದಿದೆ. ರಿಜ್ಜೊತ್ತೊ ಸತ್ತ ಮೇಲೆ ಅವರ ಸ್ಥಾನಕ್ಕೆ ಬಂದ ಯುವಕ ಪಿಯೊ ಲಾ ತೊರ್ರೆ ಮುಂದೆ ಸಂಸದರಾಗಿ, ಮಾಫಿಯಾದ ಆಸ್ತಿಯನ್ನು ಮುಟ್ಟುಗೋಲು ಹಾಕುವ ಮಸೂದೆಯನ್ನು ಮಂಡಿಸಿದರು. 1982ರ ಏಪ್ರಿಲ್ 30ರಂದು ಅವರನ್ನೂ ಕೊಂದರು. ಸೆಪ್ಟೆಂಬರ್‌ನಲ್ಲಿ ಮಸೂದೆ ಕಾನೂನಾಯಿತು. ಆ ಆಸ್ತಿಯನ್ನು ಸಮಾಜದ ಉಪಯೋಗಕ್ಕೆ ಬಿಟ್ಟುಕೊಡಬೇಕೆಂದು ಫಾದರ್ ಲುಯೀಜಿ ಚೊತ್ತಿಯವರ ಸಂಘಟನೆ ಹತ್ತು ಲಕ್ಷ ಸಹಿ ಸಂಗ್ರಹಿಸಿ, 1996ರಲ್ಲಿ ಇನ್ನೊಂದು ಕಾನೂನನ್ನು ತಂದಿತು. ಬೆಟ್ಟದ ಬಿರುಕಿನಲ್ಲಿ 2009ರಲ್ಲಿ ದೊರೆತ ಮೂಳೆಗಳು ರಿಜ್ಜೊತ್ತೊ ಅವರವೇ ಎಂದು 2012ರಲ್ಲಿ ಡಿಎನ್‌ಎ ಪರೀಕ್ಷೆ ದೃಢಪಡಿಸಿತು. ಅದೇ ವರ್ಷದ ಮೇ 24ರಂದು, ಮರಣಿಸಿ 64 ವರ್ಷಗಳ ಬಳಿಕ, ಇಟಲಿಯ ರಾಷ್ಟ್ರಾಧ್ಯಕ್ಷರ ಸಮ್ಮುಖದಲ್ಲಿ ಕೊರ್ಲಿಯೋನೆಯ ದೇವಾಲಯದಲ್ಲಿ ಅವರ ಅಂತ್ಯಕ್ರಿಯೆಯ ಬಲಿಪೂಜೆ ನಡೆಯಿತು. ಮಾಫಿಯಾದ ಕೈಯಿಂದ ಬಿಡಿಸಿಕೊಂಡ ಆ ಸೀಮೆಯ ಹೊಲಗಳಲ್ಲಿ ಅವರ ಹೆಸರಿನ ಸಹಕಾರ ಸಂಘ ಗೋಧಿಯನ್ನೂ ಕಡಲೆಯನ್ನೂ ಮಸೂರವನ್ನೂ ಬೆಳೆಯುತ್ತಿದೆ.