ಸ್ವರದತ್ತಾಂಶದ ಸ್ವತ್ವವಿಚಾರ

ಯಂತ್ರಶಿಕ್ಷಣಾರ್ಥವಾಗಿ ಸಂಗೃಹೀತವಾದ ಮಾನವವ್ಯಾಪಾರದ ಚಿಹ್ನವೇ ದತ್ತಾಂಶ. ‘ಮಾನವವ್ಯಾಪಾರ’ ಎಂದುದರಿಂದ ಮಳೆಮಾಪಕದ ಅಂಕಿಗಳಲ್ಲಿ ಅತಿವ್ಯಾಪ್ತಿ ತಪ್ಪುತ್ತದೆ. ‘ಯಂತ್ರಶಿಕ್ಷಣಾರ್ಥ’ ಎಂದುದರಿಂದ ಪಂಚಾಯಿತಿಯ ಖಾತೆಪುಸ್ತಕ ಹೊರಗುಳಿಯುತ್ತದೆ. ಆ ಪುಸ್ತಕವನ್ನೇ ಯಂತ್ರಕ್ಕೆ ಉಣಿಸಿದರೆ ಅಂದಿನಿಂದ ಅದೂ ದತ್ತಾಂಶವೇ, ಏಕೆಂದರೆ ಇಲ್ಲಿ ವಿನಿಯೋಗವೇ ವ್ಯಾವರ್ತಕ.

ಇದು ತ್ರಿವಿಧ: ಪ್ರದತ್ತ, ಸ್ರಸ್ತ, ಹೃತ. ಅರಿತು ಕೊಟ್ಟದ್ದು ಪ್ರದತ್ತ. ಅನ್ಯಕಾರ್ಯದಲ್ಲಿ ತಾನಾಗಿ ಉದುರಿದ್ದು ಸ್ರಸ್ತ. ಮೊಬೈಲಿನಲ್ಲಿ ಹಣ ಕಳಿಸಿದಾಗ ಉಳಿಯುವ ಜಾಡು ಈ ಬಗೆಯದು. ಕೇಳದೆ ಒಯ್ದದ್ದು ಹೃತ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ವ್ಯಕ್ತಿ ತಾನೇ ಸಾರ್ವಜನಿಕಗೊಳಿಸಿದ್ದನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಆದರೆ ಸೋಬಾನೆಯನ್ನು ಯೂಟ್ಯೂಬ್‌ಗೆ ಏರಿಸಿದವಳ ಸಮ್ಮತಿ ಕೇಳುಗರನ್ನು ಉದ್ದೇಶಿಸಿದ್ದು. ಯಂತ್ರಕ್ಕೆ ಅದರ ಅತಿದೇಶ ಸಲ್ಲದು.

ಪ್ರದತ್ತಕ್ಕೆ ದೃಷ್ಟಾಂತ ಚಾಮರಾಜನಗರ ಜಿಲ್ಲೆಯ ಚಿಲಕವಾಡಿಯಲ್ಲಿ ಬೆಂಗಳೂರಿನ ‘ಕಾರ್ಯ’ ಸಂಸ್ಥೆ ನಡೆಸಿದ ಸಂಗ್ರಹ. ಮೊಬೈಲ್ ಪರದೆಯ ಮೇಲೆ ಕನ್ನಡ ವಾಕ್ಯವೊಂದು ಮೂಡುತ್ತದೆ. ಅದನ್ನು ಗಟ್ಟಿಯಾಗಿ ಓದಿ ಧ್ವನಿಮುದ್ರಿಸಬೇಕು. 2023ರಲ್ಲಿ ಸಂಭಾವನೆ ಗಂಟೆಗೆ ಸುಮಾರು 5 ಡಾಲರ್. ದತ್ತಾಂಶ ಪುನಃ ಮಾರಾಟವಾದರೆ ಓದಿದವರಿಗೆ ರಾಯಧನವೂ ಉಂಟು.

ಇಲ್ಲಿ ಪೂರ್ವಪಕ್ಷ: ರಾಯಧನ ಅನಗತ್ಯ. ದೀಪದಿಂದ ದೀಪ ಹಚ್ಚಿದರೆ ಮೊದಲಿನದು ಕುಂದದು, ಸ್ವರವೂ ಹಾಗೆ. ಕ್ಷಯವಿಲ್ಲದಲ್ಲಿ ನಷ್ಟವಿಲ್ಲ, ನಷ್ಟವಿಲ್ಲದಲ್ಲಿ ಹಕ್ಕಿಲ್ಲ.

ಇದು ಅಸಾಧು, ಹೇತು ಅನೈಕಾಂತಿಕ. ಸಹಿಯನ್ನು ನಕಲು ಮಾಡಿದರೆ ಸಹಿಗಾರನ ಕೈ ಸವೆಯದು, ಆಸ್ತಿ ಮಾತ್ರ ಹೋಗುತ್ತದೆ. ಆದ್ದರಿಂದ ನಷ್ಟವನ್ನು ಕ್ಷಯರೂಪ, ಪ್ರತಿಯೋಗರೂಪ ಎಂದು ವಿಭಜಿಸಬೇಕು. ಕೊಟ್ಟ ಸ್ವರವೇ ಕೊಟ್ಟವಳಿಗೆ ಎದುರಾಗುವುದು ಎರಡನೆಯದು: ಅವಳ ಧ್ವನಿಯನ್ನು ಅನುಕರಿಸಿ ಮಗನಿಂದ ಹಣ ಕೇಳುವ ವಂಚನೆ, ಅವಳು ಮಾಡುತ್ತಿದ್ದ ಬೆರಳಚ್ಚಿನ ಕೆಲಸವನ್ನು ಅವಳ ಓದಿನಿಂದಲೇ ಕಲಿತ ಯಂತ್ರ ಕಿತ್ತುಕೊಳ್ಳುವುದು. ಒಬ್ಬಳ ಸ್ವರಕ್ಕೆ ಇಲ್ಲಿ ಸಮಗ್ರ ಕಾರಣತ್ವವಿಲ್ಲವೆಂಬುದು ನಿಜ. ಅಂಶಕಾರಣತ್ವ ಇರುವುದರಿಂದಲೇ ಅಂಶಭಾಗಿತ್ವವೂ ಇದೆ.

ಭಾಷೆ ಸರ್ವಸಾಧಾರಣ, ಆದುದರಿಂದ ಅಸ್ವಾಮಿಕವೆಂದು ಇನ್ನೊಂದು ಪಕ್ಷ. ಸಾಧಾರಣ್ಯದಿಂದ ಅಸ್ವಾಮಿಕತ್ವ ಸಿದ್ಧಿಸದು. ಮಂಟೇಸ್ವಾಮಿ ಕಾವ್ಯವನ್ನು ಯಾರು ಬೇಕಾದರೂ ಕೇಳಬಹುದು. ಆದರೂ ಅದನ್ನು ನೀಲಗಾರರೆಂಬ ಗಾಯಕರು ದೀಕ್ಷೆ ಪಡೆದು ಹಾಡುವ ಪರಂಪರೆಯಿದೆ. ಕರ್ತೃ ಒಬ್ಬನಲ್ಲ, ಅಧಿಕಾರ ಮಾತ್ರ ನಿಯತ. ಆ ಗಾಯನವನ್ನು ಧ್ವನಿಮುದ್ರಿಸಿ ಯಂತ್ರಕ್ಕೆ ಕಲಿಸುವವನು ಒಬ್ಬ ಗಾಯಕನ ಸಮ್ಮತಿಯಿಂದ ತೃಪ್ತನಾಗುವಂತಿಲ್ಲ. ಸಮುದಾಯದ ಅನುಜ್ಞೆಯೂ ಅಪೇಕ್ಷಿತ.

ಹಾಗಿದ್ದರೆ ಕೊಡದಿರುವುದೇ ಕ್ಷೇಮವಲ್ಲವೇ? ಅಲ್ಲ. ಗುಂಡ್ಲುಪೇಟೆ ತಾಲ್ಲೂಕಿನ ಬೇಗೂರು ಸೀಮೆಯಲ್ಲಿ ‘ಹಾಲು’ ‘ಆಲು’ ಆಗುತ್ತದೆ, ‘ಬಿಟ್ಟು’ ‘ಬುಟ್ಟು’ ಆಗುತ್ತದೆ. ಗ್ರಾಂಥಿಕ ಕನ್ನಡವನ್ನಷ್ಟೇ ಕಲಿತ ಯಂತ್ರ ಈ ನುಡಿಯನ್ನು ತಪ್ಪಾಗಿ ಗ್ರಹಿಸುತ್ತದೆ. ಬೆಳೆಸಾಲವನ್ನೋ ಪಿಂಚಣಿಯನ್ನೋ ಮಾತಿನಲ್ಲಿ ಕೇಳಬೇಕಾದ ದಿನ ಆ ತಪ್ಪುಗ್ರಹಿಕೆಯ ಫಲ ಉಣ್ಣುವವರು ಇಲ್ಲಿನ ರೈತರು, ಮುದುಕಿಯರು. ಭಾರತೀಯ ವಿಜ್ಞಾನ ಸಂಸ್ಥೆಯ ‘ವಾಣಿ’ ಯೋಜನೆ ಜಿಲ್ಲಾವಾರು ನುಡಿ ಸಂಗ್ರಹಿಸುತ್ತಿರುವುದು ಈ ದೃಷ್ಟಿಯಿಂದ ಯುಕ್ತವೇ.

ಆದುದರಿಂದ ನಿರ್ಣಯ: ದಾನ ವಿಹಿತ, ಕರಾರುಬದ್ಧವಾಗಿ ವಿಹಿತ. ಕೂಲಿಯಿಂದ ಓದಿದ ಶ್ರಮದ ಋಣ ತೀರುತ್ತದೆ, ಸ್ವರದ ಮೇಲಿನ ಸ್ವತ್ವ ಅಳಿಯದು. ವಿನಿಯೋಗ ಬದಲಾದರೆ ಪುನಃ ಸಮ್ಮತಿ, ಮರುಮಾರಾಟವಾದರೆ ಪಾಲು, ಧ್ವನಿಯ ಅನುಕರಣಕ್ಕೆ ನಿಷೇಧ: ಈ ಮೂರನ್ನೂ ಓದುವವರಿಗೆ ತಿಳಿಯುವ ಕನ್ನಡದಲ್ಲಿ ಕರಾರಿನಲ್ಲಿ ಬರೆದುಕೊಡಬೇಕು. ಬರೆದುಕೊಡದೆ ಪಡೆದದ್ದು, ಹಣ ಕೊಟ್ಟು ಪಡೆದರೂ, ಹೃತವೇ.